ಮಾತ್ರೆ ಬಿಟ್ಟ ಬೇಸಿಗೆ

ಪೋಸ್ಟ್ ಮಾಸ್ಟರರ ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆಯ ಮೇಲೆ ಸೋಪಿನ ನೊರೆ ಇನ್ನೂ ಹಾಗೇ ಕೂತಿತ್ತು. ಅಷ್ಟರಲ್ಲಿ ಹೊರಗೆ ಬೀದಿಯಲ್ಲಿ ಬ್ರೇಕು ಕಿರ್ರೆಂದು ಕಿರುಚಿತು, ಏನೋ ದಢಾರನೆ ಬಿತ್ತು, ಯಾರೋ "ಅಯ್ಯಯ್ಯೋ, ಮಗು!" ಎಂದರು. ಅವರ ಕ್ಷೌರ ಮಾಡುತ್ತಿದ್ದ ತಾಯಿ ಹಿಂತಿರುಗಿ ನೋಡಿದಳು. ಕೂದಲು ಗುಡಿಸುತ್ತಿದ್ದ ಮಗಳು ಅಲ್ಲಿರಲಿಲ್ಲ. ಪೊರಕೆ ಮಾತ್ರ ನೆಲದ ಮೇಲೆ ಅಡ್ಡ ಬಿದ್ದಿತ್ತು.

ಕೈಯಲ್ಲಿದ್ದ ಕತ್ತಿಯ ಸಮೇತವೇ ಅವಳು ಓಡಿದಳು. ನಡುರಸ್ತೆಯಲ್ಲಿ ಒಂದು ಸ್ಕೂಟರು ಮಗ್ಗುಲಾಗಿ ಮಲಗಿತ್ತು. ಅದರಿಂದ ಒಂದು ಮಾರು ದೂರದಲ್ಲಿ ಮಗಳು ಕೂತಿದ್ದಳು; ಮಂಡಿ ತರಚಿ ರಕ್ತ ಜಿನುಗುತ್ತಿತ್ತು. ಸ್ಕೂಟರಿನವನು ಬಟ್ಟೆ ಕೊಡವಿಕೊಳ್ಳುತ್ತ, "ಮಕ್ಕಳನ್ನ ಕಟ್ಟಿಹಾಕ್ಕೊಳ್ಳೋಕಾಗಲ್ವೇನ್ರೀ ನಿಮಗೆ, ಇನ್ನೇನು..." ಎಂದು ಶುರು ಮಾಡಿದವನು, ಬಿಚ್ಚಿದ ಕತ್ತಿ ಹಿಡಿದು ತನ್ನತ್ತಲೇ ಓಡಿಬರುತ್ತಿದ್ದ ಹೆಂಗಸನ್ನು ಕಂಡು ಮಾತನ್ನು ಅಲ್ಲಿಗೇ ನುಂಗಿಕೊಂಡ.

"ಅಮ್ಮಾ, ನೋಡಲ್ಲಿ," ಎಂದಳು ಮಗಳು, ಮಂಡಿಯ ಕಡೆ ಗಮನವೇ ಇಲ್ಲದೆ. ಎದುರಿನ ಚಪ್ಪಲಿ ಅಂಗಡಿಗೆ ಹೊಸ ಬೋರ್ಡು ಹಾಕುತ್ತಿದ್ದರು. ಏಣಿಯ ಮೇಲಿದ್ದವನು ಸುತ್ತಿಗೆ ಹಿಡಿದು ದಂಗಾಗಿ ನಿಂತಿದ್ದ. "ಅವರು ಒಂದು ಅಕ್ಷರ ತಲೆಕೆಳಗಾಗಿ ಹೊಡೀತಿದ್ರು. ಹೇಳೋಣ ಅಂತ ಓಡ್ದೆ."

ತಾಯಿಗೆ ಜೀವ ಬಾಯಿಗೆ ಬಂದಿತ್ತು. ಮಗಳನ್ನು ಎಬ್ಬಿಸಿ, ಸ್ಕೂಟರಿನವನ ಕೈಕಾಲು ನೆಟ್ಟಗಿದೆಯೇ ಎಂದು ವಿಚಾರಿಸಿ, ಕ್ಷಮೆ ಕೇಳಿ, ಅಂಗಡಿಗೆ ಬಂದು ಮಂಡಿ ತೊಳೆದು ಪಟ್ಟಿ ಹಾಕಿದಳು. ಆಮೇಲೆ ಕುರ್ಚಿಯ ಹತ್ತಿರ ಹೋಗಿ ಕತ್ತಿ ಎತ್ತಿದರೆ ಕೈ ಗಡಗಡ ನಡುಗುತ್ತಿತ್ತು. ಪೋಸ್ಟ್ ಮಾಸ್ಟರರು ಕನ್ನಡಿಯಲ್ಲೇ ಅದನ್ನು ನೋಡಿ ಮೆಲ್ಲಗೆ ಟವೆಲು ತೆಗೆದುಕೊಂಡರು.

"ಇರಲಮ್ಮ, ಈ ಕೆನ್ನೆ ನಾಳೆ ನೋಡ್ಕೊಳ್ಳೋಣ. ನಿನ್ನ ಮೇಲೆ ನಂಬಿಕೆ ಇದೆ, ಆದರೆ ಇವತ್ತಿನ ಮಟ್ಟಿಗೆ ನನ್ನ ಕುತ್ತಿಗೆ ಮೇಲೂ ಸ್ವಲ್ಪ ಆಸೆ ಇದೆ," ಎಂದು ನೊರೆ ಒರೆಸಿಕೊಂಡು ಅರ್ಧ ಗಡ್ಡದಲ್ಲೇ ಮನೆಗೆ ಹೋದರು.

ಕಟಿಂಗ್ ಅಂಗಡಿ ತಾಯಿಯ ಅಪ್ಪನದು. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಅಪ್ಪನ ಕೈಗೆ ನಡುಕ ಬಂದು ಕತ್ತರಿ ಅವಳ ಕೈಗೆ ಬಂದಾಗ ಹೆಂಗಸಿಗೆ ತಲೆ ಕೊಡಲು ಗಂಡಸರು ಹಿಂದೆ ಮುಂದೆ ನೋಡಿದ್ದರು. ಮೊದಲು ತಲೆ ಕೊಟ್ಟವರು ಈ ಪೋಸ್ಟ್ ಮಾಸ್ಟರರೇ. "ಮನೇಲಿ ದಿನಾ ತಲೆ ತಿನ್ನೋಳು ಹೆಂಗಸೇ ಅಲ್ವಾ, ಕತ್ತರಿಸೋಳೂ ಆಗಲಿ ಬಿಡು," ಎಂದಿದ್ದರಂತೆ. ಈಗ ಭಾನುವಾರ ಬೆಂಚಿನ ಮೇಲೆ ಜಾಗ ಸಿಗುವುದಿಲ್ಲ.

ಮಗಳಿಗೆ ಬುಗುರಿ ಎಂದು ಹೆಸರಿಟ್ಟವನು ಗಂಡ. ನಡೆಯಲು ಕಲಿಯುವ ಮೊದಲೇ ಓಡಲು ಕಲಿತವಳು. ಅನ್ನದ ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ ನಾಲ್ಕು ಸಲ ಏಳುವವಳು. ಶಾಲೆಗೆ ಸೇರಿಸಿದ ಮೇಲೆ ದಿನಕ್ಕೊಂದು ದೂರು. ಪೆನ್ಸಿಲು ಕಳೆದಳು, ಪಾಠದ ನಡುವೆ ಎದ್ದು ಹೋದಳು, ಪಕ್ಕದವಳ ಜಡೆ ಬಿಚ್ಚಿ ಕಟ್ಟಿದಳು. ಏಳನೇ ವಯಸ್ಸಿನಲ್ಲೂ ಒಂದು ಸಾಲು ಪೂರ್ತಿ ಓದಲಾಗುತ್ತಿರಲಿಲ್ಲ. ಕಣ್ಣು ಸಾಲಿನ ನಡುವಿನಿಂದಲೇ ಹಾರಿ ಹೋಗುತ್ತಿತ್ತು. ಡಾಕ್ಟರಮ್ಮ ಎಡಿಎಚ್‌ಡಿ, ಅಂದರೆ ಗಮನವೂ ಮೈಯೂ ಒಂದೆಡೆ ನಿಲ್ಲದ ಸ್ಥಿತಿ, ಎಂದು ಹೇಳಿ, ಅದರ ಅರ್ಥವನ್ನು ಸಾವಧಾನವಾಗಿ ಬಿಡಿಸಿ ಹೇಳಿ, ಮಾತ್ರೆ ಬರೆದುಕೊಟ್ಟರು.

ಮಾತ್ರೆ ಕೆಲಸ ಮಾಡಿತು. ಅದನ್ನು ತಾಯಿ ಎಂದೂ ಅಲ್ಲಗಳೆದವಳಲ್ಲ. ಬುಗುರಿ ಓದಲು ಕಲಿತಳು, ಗುಣಾಕಾರ ಕಲಿತಳು, ಮೊದಲ ಸಲ ಅವಳಿಗೊಬ್ಬಳು ಗೆಳತಿ ಸಿಕ್ಕಳು. ಆದರೆ ಮಧ್ಯಾಹ್ನದ ಊಟದ ಡಬ್ಬಿ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಹಗಲೆಲ್ಲ ಮೌನವಾಗಿದ್ದವಳು ಸಂಜೆ ಮಾತ್ರೆಯ ಕಾವು ಇಳಿದ ಮೇಲೆ ಸಣ್ಣದಕ್ಕೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಹನ್ನೆರಡು ತುಂಬಿದ ಮೇಲೆ ಒಂದು ದಿನ ಡಾಕ್ಟರಮ್ಮನ ಕೋಣೆಯಲ್ಲಿ ತಾನಾಗಿಯೇ ಬಾಯಿಬಿಟ್ಟಳು. "ಡಾಕ್ಟ್ರೇ, ಮಾತ್ರೆ ಇಲ್ದೆ ನಾನು ಹೇಗಿರ್ತೀನಿ ಅಂತ ನಂಗೇ ಗೊತ್ತಿಲ್ಲ. ಒಂದ್ಸಲ ನೋಡ್ಬೇಕು."

ಡಾಕ್ಟರಮ್ಮ ನಗಲಿಲ್ಲ. ಬೇಸಿಗೆ ರಜೆ ಬರಲಿ ಎಂದರು. ಒಂದೇ ಸಲ ಬಿಡಿಸದೆ ಹಂತಹಂತವಾಗಿ ಇಳಿಸಿದರು. "ಇದು ಪರೀಕ್ಷೆ ಅಲ್ಲ. ಪಾಸೂ ಇಲ್ಲ, ಫೇಲೂ ಇಲ್ಲ. ಮಳೆ ಬಂದ್ರೆ ಕೊಡೆ ಹಿಡಿಯೋದು ಸೋಲಾ? ಬೇಕು ಅನ್ಸಿದ್ರೆ ಮತ್ತೆ ಶುರು ಮಾಡೋಣ. ಯಾವಾಗ ಬೇಕಾದ್ರೂ ಫೋನ್ ಮಾಡಿ," ಎಂದಿದ್ದರು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲವಾದ್ದರಿಂದ ರಜೆಯಲ್ಲಿ ಬುಗುರಿ ತಾಯಿಯ ಜೊತೆ ಅಂಗಡಿಗೇ ಬರತೊಡಗಿದಳು. ಮಾತ್ರೆ ಪೂರ್ತಿ ನಿಂತ ಎರಡನೇ ವಾರದಲ್ಲಿ ಈ ಸ್ಕೂಟರಿನ ಪ್ರಕರಣ.

ಆ ಸಂಜೆ ತಾಯಿ ಫ್ರಿಜ್ಜಿನ ಮೇಲಿದ್ದ ಮಾತ್ರೆಯ ಪೊಟ್ಟಣ ಕೆಳಗಿಳಿಸಿ ಮೇಜಿನ ಮೇಲಿಟ್ಟಳು. ಗಂಡ ಲಿಫ್ಟ್ ಮೆಕ್ಯಾನಿಕ್. ಮೈತುಂಬ ಗ್ರೀಸಿನ ವಾಸನೆ ಹೊತ್ತು ಬಂದವನು ಆ ಪೊಟ್ಟಣವನ್ನೂ ಅವಳ ಮುಖವನ್ನೂ ನೋಡಿ ಕೈ ತೊಳೆಯದೆಯೇ ಕೂತ.

"ನಾಳೆಯಿಂದ ಮತ್ತೆ ಶುರು ಮಾಡೋಣ ರೀ. ನನ್ನ ಕೈಲಾಗಲ್ಲ," ಎಂದಳು ತಾಯಿ. "ಮೊನ್ನೆ ನಲ್ಲಿ ಬಿಟ್ಟು ಹೋದ್ಲು, ಅಂಗಡಿ ತುಂಬಾ ನೀರು. ನಿನ್ನೆ ಗಿರಾಕಿ ಕನ್ನಡಕ ಹಾಕ್ಕೊಂಡು ಆಡೋಕೆ ಹೋಗಿ ಮುರಿದ್ಲು. ಅದೆಲ್ಲ ಹೇಗೋ ಆಯ್ತು. ಇವತ್ತು? ಆ ಸ್ಕೂಟರಿನವನು ಒಂದು ಕ್ಷಣ ತಡವಾಗಿ ಬ್ರೇಕ್ ಹಾಕಿದ್ರೆ?"

"ಲಿಫ್ಟು ರಿಪೇರಿ ಆದ್ಮೇಲೆ ಮೊದಲ ದಿನ ಕುಲುಕಾಡುತ್ತೆ ಕಣೇ..."

"ಲಿಫ್ಟಿನ ಮಾತು ನನ್ನ ಹತ್ರ ಆಡ್ಬೇಡಿ. ಲಿಫ್ಟು ರಸ್ತೆ ದಾಟಲ್ಲ."

ಅಡುಗೆಮನೆಯ ಬಾಗಿಲಲ್ಲಿ ಬುಗುರಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಉಜ್ಜುತ್ತಿದ್ದಳು, ಬಾಗಿಲ ಚಿಲಕ ಹಾಕಿ ತೆಗೆದು ಮಾಡುತ್ತಿದ್ದಳು, ಆದರೆ ಕಣ್ಣು ಮಾತ್ರ ತಾಯಿಯ ಮೇಲೇ ಇತ್ತು.

"ಅಮ್ಮ, ಮಾತ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ," ಎಂದಳು. "ಅದು ನಂಗೆ ಓದೋಕೆ ಕಲಿಸ್ತು. ಆದ್ರೆ ಏನಾದ್ರೂ ಚೆನ್ನಾಗಿ ಮಾಡಿದ್ರೆ ನೀವೆಲ್ಲ ಮಾತ್ರೆ ಕೆಲಸ ಮಾಡ್ತಿದೆ ಅಂತೀರಾ. ಕೆಟ್ಟದಾಗಿ ಮಾಡಿದ್ರೆ ಮಾತ್ರ, ಮಾತ್ರೆ ತಗೊಂಡ್ಯೇನೆ ಅಂತೀರಾ. ಬೈಗುಳ ಎಲ್ಲ ನನಗೆ, ಹೊಗಳಿಕೆ ಎಲ್ಲ ಮಾತ್ರೆಗೆ. ನಾನೇನು ಮಾಡ್ದೆ ಹಾಗಾದ್ರೆ?"

ಗಂಡ ಗ್ರೀಸು ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ ಕೂತ.

"ರಸ್ತೆಗೆ ಇದೆಲ್ಲ ಅರ್ಥ ಆಗಲ್ಲ ಪುಟ್ಟಾ," ಎಂದಳು ತಾಯಿ ಕೊನೆಗೆ.

"ಗೊತ್ತು. ನಂಗೂ ಭಯ ಆಯ್ತು. ಓಡೋವಾಗ ಅಲ್ಲ, ಆಮೇಲೆ." ಚಿಲಕದ ಸದ್ದು ನಿಂತಿತು. "ನಂಗೆ ಬಾಗಿಲು ಕಾಣೋದೇ ಇಲ್ಲಮ್ಮ. ಆಚೆ ಇರೋದೇ ಕಾಣೋದು. ಬಾಗಿಲು ಕಾಣೋ ಹಾಗೆ ಏನಾದ್ರೂ ಮಾಡ್ಬೇಕು."

ಮರುದಿನ ಬೆಳಿಗ್ಗೆ ತಾಯಿ ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಅವರು ಮಂಡಿಯ ಗಾಯ ವಿಚಾರಿಸಿದರು, ನಿದ್ದೆ ಹೇಗಿದೆ, ಊಟ ಹೇಗಿದೆ ಎಂದು ಕೇಳಿದರು. "ಊಟವಾ? ಪಾತ್ರೆ ತಳ ಕೆರೀತಾಳೆ ಡಾಕ್ಟ್ರೇ," ಎಂದಾಗ ಅತ್ತ ಕಡೆ ಸಣ್ಣಗೆ ನಕ್ಕದ್ದು ಕೇಳಿಸಿತು. "ಭಯ ಪಡೋದು ಸಹಜ. ರಸ್ತೆ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬಾಗಿಲಿಗೆ ಏನಾದ್ರೂ ಬೇಕು ಅಂತ ಅವಳೇ ಅಂದ್ಲಲ್ಲ, ಅದು ಸಣ್ಣ ಮಾತಲ್ಲ. ಏನು ಮಾಡ್ತಾಳೋ ಮಾಡ್ಲಿ. ಇನ್ನೊಂದು ಸಲ ಹಾಗೆ ಓಡಿದ್ರೆ ತಕ್ಷಣ ಕರ್ಕೊಂಡು ಬನ್ನಿ, ಮಾತ್ರೆ ಶುರು ಮಾಡೋಣ." ಪೊಟ್ಟಣ ಮತ್ತೆ ಫ್ರಿಜ್ಜಿನ ಮೇಲೇರಿತು.

ಬುಗುರಿ ಅಪ್ಪನ ಪೆಟ್ಟಿಗೆಯಿಂದ ಕೆಂಪು ಟೇಪು ತಂದು ಅಂಗಡಿಯ ಹೊಸ್ತಿಲಿಗೆ ಅಡ್ಡಲಾಗಿ ಅಂಟಿಸಿದಳು. ಟೇಪು ಕಂಡರೆ ನಿಲ್ಲಬೇಕು, "ನಿಂತೆ, ಎಡಕ್ಕೆ, ಬಲಕ್ಕೆ" ಎಂದು ಜೋರಾಗಿ ಹೇಳಬೇಕು, ಅಮ್ಮನಿಗೆ ಕೇಳಿಸಬೇಕು. ಕಾನೂನು ಅವಳದೇ. ಮೊದಲ ದಿನ ತಾನೇ ಅಂಟಿಸಿದ ಟೇಪನ್ನು ತುಳಿದುಕೊಂಡು ಫುಟ್‌ಪಾತಿಗೆ ಇಳಿದಿದ್ದಳು. ಅಲ್ಲಿಗೆ ನೆನಪಾಗಿ ನಾಲಿಗೆ ಕಚ್ಚಿಕೊಂಡು ವಾಪಸ್ಸು ಬಂದು, ಹೊಸ್ತಿಲ ಒಳಗೆ ನಿಂತು ಮತ್ತೆ ಮೊದಲಿಂದ ಹೇಳಿದಳು. ವಾರ ಕಳೆಯುವಷ್ಟರಲ್ಲಿ ಗಿರಾಕಿಗಳಿಗೂ ಅದು ಅಂಟಿತು. ಬೋಳು ತಲೆಯ ಬ್ಯಾಂಕಿನವರು ಸಹ ಹೊರಡುವಾಗ ಟೇಪಿನ ಮುಂದೆ ಗಂಭೀರವಾಗಿ ನಿಂತು "ಎಡಕ್ಕೆ, ಬಲಕ್ಕೆ" ಎಂದು ಹೇಳಿ ಇಳಿಯತೊಡಗಿದರು.

ಕೆಲಸದಲ್ಲೂ ತಾಯಿ ದಾರಿ ಬದಲಿಸಿದಳು. "ಅಂಗಡಿ ಗುಡಿಸು" ಎಂದರೆ ಅರ್ಧಕ್ಕೇ ನಿಲ್ಲುತ್ತಿತ್ತು. "ಈ ಕುರ್ಚಿ ಸುತ್ತ ಗುಡಿಸು" ಎಂದರೆ ಮುಗಿಯುತ್ತಿತ್ತು. ಮುಗಿದ ಮೇಲೆ ಬುಗುರಿ ಬೀದಿಯ ಕಡೆ ನೋಡುತ್ತ ಒಂದಿಷ್ಟು ಹೊತ್ತು ಕುಣಿಯಲಿ, ಆಮೇಲೆ ಇನ್ನೊಂದು ಕುರ್ಚಿ. ಕುಣಿತ ನಿಲ್ಲಿಸಲು ಹೋದರೆ ಕೆಲಸವೂ ನಿಲ್ಲುತ್ತದೆ ಎಂಬುದು ತಾಯಿಗೆ ನಿಧಾನವಾಗಿ ಅರ್ಥವಾಯಿತು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಕಟಿಂಗ್ ಕಲಿಯಲು ಬಳಸುವ ಗೊಂಬೆತಲೆಯನ್ನು ಒರೆಸಿ ಮಗಳ ಮುಂದಿಟ್ಟಳು. ತುದಿ ಮೊಂಡಾದ ಸಣ್ಣ ಕತ್ತರಿ ಕೊಟ್ಟಳು. ಬಾಚಣಿಗೆಯಲ್ಲಿ ಕೂದಲೆತ್ತಿ, ಬೆರಳ ಸಂದಿಯಲ್ಲಿ ಹಿಡಿದು, ಬೆರಳಿನಾಚೆ ಕತ್ತರಿಸುವುದನ್ನು ತೋರಿಸಿದಳು. "ನೋಡೋದು ಬೇರೆ ಕಡೆ ಆದ್ರೆ ಮೊದಲು ಕತ್ತರಿ ಮುಚ್ಚಬೇಕು. ಮುಚ್ಚಿ, ಕೆಳಗಿಳಿಸಿ, ಆಮೇಲೆ ಆಕಾಶ ಬೇಕಾದ್ರೂ ನೋಡು." ಇದು ತಾಯಿಗೆ ಅವಳ ಅಪ್ಪ ಹೇಳಿಕೊಟ್ಟ ಪಾಠವೇನಲ್ಲ, ಈ ಮಗಳಿಗಾಗಿಯೇ ಆಗ ಬಾಯಿಗೆ ಬಂದದ್ದು.

ಗೊಂಬೆಯ ಒಂದು ಪಕ್ಕ ಹತ್ತು ದಿನ ಸೊಗಸಾಗಿತ್ತು, ಇನ್ನೊಂದು ಪಕ್ಕ ಕಾಡು. "ಇವನು ಒಂದು ಕಡೆಯಿಂದ ಮದುಮಗ, ಇನ್ನೊಂದು ಕಡೆಯಿಂದ ಸನ್ಯಾಸಿ," ಎಂದು ಪೋಸ್ಟ್ ಮಾಸ್ಟರರು ನಕ್ಕರು. ಅಂತೂ ಒಂದು ದಿನ ಇನ್ನೊಂದು ಪಕ್ಕವೂ ಮುಗಿಯಿತು. ಆ ಸಂತೋಷಕ್ಕೆ ಬುಗುರಿಯ ಅಪ್ಪ ತನ್ನ ತಲೆಯನ್ನೇ ದಾನ ಮಾಡಿದ. ಕಿವಿಯ ಮೇಲಿನವರೆಗೂ ಎಲ್ಲ ಚೆನ್ನಾಗಿ ಬಂತು. ಅಲ್ಲಿ ಬುಗುರಿಗೆ, ಲಿಫ್ಟಿನೊಳಗೆ ಇಬ್ಬರು ಒಂದೇ ಸಲ ಬೇರೆ ಬೇರೆ ಗುಂಡಿ ಒತ್ತಿದರೆ ಅದಕ್ಕೆ ಹೇಗೆ ತಿಳಿಯುತ್ತದೆ ಎಂಬ ಸಂದೇಹ ಬಂತು. ಅಪ್ಪ ವಿವರಿಸಲು ತಲೆ ಆಡಿಸಿದ, ಕತ್ತರಿ ಆಳಕ್ಕೆ ಹೋಯಿತು. ಆಮೇಲೆ ತಾಯಿ ಮಷಿನ್ ಹಿಡಿದು ಇಡೀ ತಲೆಯನ್ನು ಬೋಳು ಮಾಡಿಯೇ ಸರಿಪಡಿಸಬೇಕಾಯಿತು.

ಬುಗುರಿಯ ಕಣ್ಣಲ್ಲಿ ನೀರು ತುಂಬಿತು. ಅಪ್ಪ ಕನ್ನಡಿಯಲ್ಲಿ ತನ್ನ ಬೋಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿಕೊಂಡ. "ಅಳ್ತೀಯಾ ಯಾಕೆ? ಲಿಫ್ಟಿನ ಕೆಳಗಿನ ಹೊಂಡದೊಳಗೆ ಎಂಥಾ ಸೆಖೆ ಗೊತ್ತಾ? ನಾಳೆ ಎಲ್ಲ ಮೆಕ್ಯಾನಿಕ್‌ಗಳೂ ಸಾಲಾಗಿ ಬರ್ತಾರೆ ನೋಡ್ತಿರು," ಎಂದ. ಅವಳು ಅಳುತ್ತಲೇ ನಕ್ಕಳು. ತಾಯಿ ಮಾತ್ರ ಆ ರಾತ್ರಿ ಫ್ರಿಜ್ಜಿನ ಮೇಲೆ ಒಂದು ಸಲ ನೋಡಿದಳು.

ರಜೆ ಮುಗಿಯಲು ಇನ್ನೇನು ವಾರವಿದೆ ಎನ್ನುವಾಗ ಒಂದು ಮಧ್ಯಾಹ್ನ ಒಬ್ಬ ಅಜ್ಜಿ ನಾಲ್ಕು ವರ್ಷದ ಮೊಮ್ಮಗನನ್ನು ಅಕ್ಷರಶಃ ಹೊತ್ತುಕೊಂಡು ಬಂದರು. ಹುಡುಗನ ಕೂದಲು ಕಣ್ಣಿಗಿಳಿದು, ತುದಿ ಚುಚ್ಚಿ ಚುಚ್ಚಿ ಎರಡೂ ಕಣ್ಣು ಕೆಂಪಾಗಿದ್ದವು. ಅವನು ಬಾಗಿಲಲ್ಲೇ ಕಿರುಚಲು ಶುರು ಮಾಡಿದ. ತಾಯಿ ಎತ್ತರದ ಹಲಗೆ ಹಾಕಿ ಕೂರಿಸಲು ಹೋದಳು, ಒದ್ದ. ಆಟಿಕೆ ಕೊಟ್ಟಳು, ಕನ್ನಡಿಗೆ ಎಸೆದ. ಬಟ್ಟೆ ಕುತ್ತಿಗೆಗೆ ತಾಗಿದ್ದೇ ತಡ ಅವಳ ಹೆಬ್ಬೆರಳನ್ನು ಕಚ್ಚಿ, ಕುರ್ಚಿಯಿಂದ ಜಾರಿ, ಬೆಂಚಿನ ಕೆಳಗೆ ತೂರಿಕೊಂಡ.

"ಇದು ಐದನೇ ಅಂಗಡಿ ಕಣಮ್ಮ," ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. "ಎಲ್ಲರೂ, ಮೊದಲು ಮಗೂಗೆ ಬುದ್ಧಿ ಕಲಿಸಿ ಆಮೇಲೆ ಕರ್ಕೊಂಡು ಬನ್ನಿ ಅಂದ್ರು. ಮಲಗಿದ್ದಾಗ ಕತ್ತರಿಸೋಣ ಅಂದ್ರೆ, ಮಲಗಿದ್ರೆ ತಾನೆ! ಕಣ್ಣಿಗೇನಾದ್ರೂ ಆದ್ರೆ ಏನು ಮಾಡ್ಲಿ?" ತಾಯಿ ಹೆಬ್ಬೆರಳು ಹಿಸುಕಿಕೊಳ್ಳುತ್ತ ಅವರ ಮುಖ ನೋಡಿದಳು. ಆ ಮುಖವನ್ನು ಅವಳು ಎಷ್ಟೋ ವರ್ಷ ತನ್ನದೇ ಕನ್ನಡಿಯಲ್ಲಿ ನೋಡಿದ್ದಳು.

ಅಷ್ಟರಲ್ಲಿ ಬುಗುರಿಯೂ ಬೆಂಚಿನ ಕೆಳಗಿದ್ದಳು. ಹೊಟ್ಟೆಯ ಮೇಲೆ ಮಲಗಿ, ಹುಡುಗನಿಗೆ ಮುಖ ಕೊಟ್ಟು. ಆಮೇಲೆ ಅವಳು, "ಕುರ್ಚಿ ನಂಗೂ ಇಷ್ಟ ಇಲ್ಲ," ಎಂದಳು.

ಕಿರುಚಾಟ ಕೊಂಚ ತಗ್ಗಿತು.

"ಆ ಬಟ್ಟೆ ಕಟ್ಟಿದ್ರೆ ಕುತ್ತಿಗೆ ಕಚಗುಳಿ ಆಗುತ್ತೆ ಅಲ್ವಾ? ಇರುವೆ ಓಡಾಡಿದ ಹಾಗೆ."

"ದೊಡ್ಡ ಇರುವೆ," ಎಂದಿತು ಒಳಗಿನ ದನಿ.

"ಬಟ್ಟೆ ಬೇಡ. ಕುರ್ಚೀನೂ ಬೇಡ. ನಿಂಗೆ ಕತ್ತರಿಸೋಕೆ ಬರುತ್ತಾ? ನೀನು ಗೊಂಬೇದು ಒಂದು ಕತ್ತರಿಸು, ನಾನು ನಿಂದು ಒಂದು. ಯಾರು ಮೊದಲು ಮುಗಿಸ್ತಾರೆ ನೋಡೋಣ."

ಹುಡುಗ ಹೊರಗೆ ಬಂದ. ಬುಗುರಿ ಗೊಂಬೆತಲೆಯನ್ನು ನೆಲದ ಮೇಲಿಟ್ಟು, ಅವನಿಗೆ ಮಕ್ಕಳ ಕಾಗದ ಕತ್ತರಿ ಕೊಟ್ಟು, ತಾಯಿಯ ಕಡೆ ಕೈ ಚಾಚಿದಳು. ತನ್ನ ಕತ್ತರಿಗಾಗಿ.

ತಾಯಿಯ ಕೈ ಮೇಜಿನ ಖಾನೆಯ ಮೇಲೇ ನಿಂತಿತು. ತುದಿ ಮೊಂಡಾದದ್ದೇ ಸರಿ, ಆದರೂ ಕತ್ತರಿ ಕತ್ತರಿಯೇ. ಅದು ಹೋಗಬೇಕಾದದ್ದು ಬೇರೆಯವರ ಮಗುವಿನ ಕಣ್ಣಿನ ಹತ್ತಿರಕ್ಕೆ. ಅದನ್ನು ಹಿಡಿಯುವ ಕೈ, ಒಂದು ಅಕ್ಷರಕ್ಕಾಗಿ ಸ್ಕೂಟರಿಗೆ ಅಡ್ಡ ಓಡಿದ್ದು. ಅಜ್ಜಿ ಇವಳನ್ನು ನೋಡಿದರು, ಹುಡುಗಿಯನ್ನು ನೋಡಿದರು. ಬೆಂಚಿನ ಮೇಲಿದ್ದ ಪೋಸ್ಟ್ ಮಾಸ್ಟರರು ಪತ್ರಿಕೆ ಮಡಿಸಿದರು.

"ಅಜ್ಜಿ ಒಪ್ಪಬೇಕು," ಎಂದಳು ತಾಯಿ. "ನನ್ನ ಮಗಳು ಇನ್ನೂ ಕಲೀತಿದ್ದಾಳೆ. ಕಣ್ಣಿನ ಮುಂದಿನ ಕೂದಲು ಕತ್ತರಿಸೋವಾಗ ನನ್ನ ಕೈ ಮಧ್ಯದಲ್ಲಿ ಇರುತ್ತೆ."

"ಅವನು ನಗ್ತಿದ್ದಾನೆ," ಎಂದರು ಅಜ್ಜಿ, ಬೇರೆ ಯಾವುದಕ್ಕೋ ಉತ್ತರ ಕೊಡುವವರಂತೆ. "ಮಾಡ್ಲಮ್ಮ."

ತಾಯಿ ಕತ್ತರಿ ಕೊಟ್ಟಳು.

ಅಂಥ ಕಟಿಂಗನ್ನು ಆ ಅಂಗಡಿ ಅಲ್ಲಿಯವರೆಗೆ ನೋಡಿರಲಿಲ್ಲ. ಹುಡುಗ ಗೊಂಬೆಯ ಕೂದಲಿನ ಒಂದು ಎಸಳು ಕತ್ತರಿಸಿ ಎದ್ದು ಕನ್ನಡಿಯವರೆಗೆ ಓಡಿದ. ಬುಗುರಿ ಕತ್ತರಿ ಮುಚ್ಚಿ, ಹಿಂದೆಯೇ ಓಡಿ, ಅವನು ತನ್ನ ಮುಖಕ್ಕೆ ತಾನೇ ನಾಲಿಗೆ ಚಾಚುತ್ತಿದ್ದಾಗ ಹಿಂಭಾಗದ ಒಂದು ಎಸಳು ತೆಗೆದಳು. ಅವನು ಮಂಡಿಯೂರಿ ನಾಯಿಯಾದ. ಅವಳೂ ನಾಯಿಯಾಗಿ ಬೊಗಳುತ್ತ ಕಿವಿಯ ಮೇಲಿನದು ಕತ್ತರಿಸಿದಳು. ಅವನು ಬೆಂಚು ಹತ್ತಿ ಪೋಸ್ಟ್ ಮಾಸ್ಟರರ ತೊಡೆಯ ಮೇಲೆ ಕೂತ. ಅವರು ಅಲುಗದೆ ಕುರ್ಚಿಯಾದರು. ಬೇರೆಯವರು ಎಲ್ಲಿ "ಅಲ್ಲಾಡಬೇಡ" ಎಂದು ಗದರುತ್ತಿದ್ದರೋ ಅಲ್ಲೆಲ್ಲ ಇವಳು ಅವನ ಜೊತೆಗೇ ಅಲ್ಲಾಡಿದಳು. ಅವನ ಓಟದ ನಡುವೆ ಒಂದು ಗಳಿಗೆ ನಿಲುಗಡೆ ಬರುವುದು ಅವಳಿಗೆ ಮೊದಲೇ ತಿಳಿದಂತಿತ್ತು. ತನ್ನದೇ ಮೈಯಿಂದ ಕಲಿತದ್ದಿರಬೇಕು.

ಹಣೆಯ ಕೂದಲಿನ ಸರದಿ ಬಂತು. ತಾಯಿ ಅಂಗೈಯನ್ನು ಹುಡುಗನ ಕಣ್ಣಿಗೆ ಮರೆಮಾಡಿ ಹಿಡಿದಳು. ಬುಗುರಿ ನಾಲಿಗೆಯ ತುದಿ ಕಚ್ಚಿಕೊಂಡು ಬಾಚಣಿಗೆ ಎತ್ತಿದಳು, ಬೆರಳ ಸಂದಿಯಲ್ಲಿ ಹಿಡಿದಳು, ಕತ್ತರಿ ತೆರೆದಳು. ಸರಿಯಾಗಿ ಆಗಲೇ ಬೀದಿಯಲ್ಲಿ ಅಗ್ನಿಶಾಮಕದ ವಾಹನ ಗಂಟೆ ಬಾರಿಸುತ್ತ, ಸೈರನ್ನು ಊದುತ್ತ ಬಂತು.

ಆ ಸದ್ದಿಗೆ ಬುಗುರಿಯ ತಲೆ ತಿರುಗದೇ ಇರಲು ಸಾಧ್ಯವೇ ಇರಲಿಲ್ಲ. ತಿರುಗಿತು. ಆದರೆ ಅದಕ್ಕೂ ಮೊದಲು, ಕೂದಲೆಳೆಯಷ್ಟು ಮೊದಲು, ಕತ್ತರಿ ಮುಚ್ಚಿತು. ಮುಚ್ಚಿ, ಕೆಳಗಿಳಿದು, ಅವಳ ಬೆನ್ನ ಹಿಂದೆ ಹೋಯಿತು. "ಫೈರ್ ಎಂಜಿನ್!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು. ಕತ್ತರಿಯನ್ನು ಮೇಜಿನ ಮೇಲಿಟ್ಟು, ಹುಡುಗನ ಕೈ ಹಿಡಿದುಕೊಂಡು ಬುಗುರಿ ಬಾಗಿಲಿಗೆ ಓಡಿದಳು, ಕೆಂಪು ಟೇಪಿನ ಮೇಲೆ ಗಕ್ಕನೆ ನಿಂತಳು. "ನಿಂತೆ!" ಎಂದಳು. "ನಿಂತೆ!" ಎಂದ ಅವನು. ಕೆಂಪು ವಾಹನ ಬೀದಿಯ ತುದಿಗೆ ಮಾಯವಾಗುವವರೆಗೆ ನೋಡಿ, ಇಬ್ಬರೂ ತಾವಾಗಿಯೇ ವಾಪಸ್ಸು ಬಂದರು. ಯಾರೂ ಕರೆಯಬೇಕಾಗಲಿಲ್ಲ. ಬುಗುರಿ ಕತ್ತರಿ ಎತ್ತಿಕೊಂಡು, "ಎಲ್ಲಿದ್ವಿ? ಹಾಂ, ಹಣೆ," ಎಂದಳು.

ಕೊನೆಯ ಎಸಳು ಬಿದ್ದಾಗ ಕಾಯುತ್ತಿದ್ದ ಗಿರಾಕಿಗಳಿಂದ ಬೆಂಚು ತುಂಬಿತ್ತು. ಯಾರಿಗೂ ಹೊರಡುವ ಅವಸರವಿದ್ದಂತೆ ಕಾಣಲಿಲ್ಲ. ಒಂದು ಕಿವಿಯ ಹತ್ತಿರ ತುಸು ಏರುಪೇರಾಗಿತ್ತು, ಹಿಂದೆ ಒಂದು ಮೆಟ್ಟಿಲೂ ಇತ್ತು. ಆದರೆ ಹಣೆ ಬಯಲಾಗಿತ್ತು. ಹುಡುಗ ಕನ್ನಡಿಯ ಮುಂದೆ ನಿಂತು, ಬಹಳ ದಿನಗಳ ಮೇಲೆ ತನ್ನ ಕಣ್ಣುಗಳನ್ನು ತಾನೇ ನೋಡಿ, "ನಾನು!" ಎಂದ. ಅಜ್ಜಿ ಬುಗುರಿಯ ಎರಡೂ ಕೆನ್ನೆ ಹಿಡಿದರು. ಅವಳ ಹಣೆಗೆ ಹಣೆ ತಾಗಿಸಿದರು. ಪೋಸ್ಟ್ ಮಾಸ್ಟರರು ಚಪ್ಪಾಳೆ ಶುರು ಮಾಡಿದರು. ಬೆಂಚಿಗೆ ಬೆಂಚೇ ತಟ್ಟಿತು. ಬುಗುರಿಗೆ ಮುಗಿಲಿಗೆ ಮೂರೇ ಗೇಣು. ಕುರ್ಚಿಯ ಸುತ್ತ ಮೂರು ಸುತ್ತು ಓಡಿ, ತಾಯಿಯ ಸೊಂಟಕ್ಕೆ ಬಂದು ಬಿದ್ದು, "ನಾನೇ ಅಮ್ಮ! ಪೂರ್ತಿ ನಾನೇ!" ಎಂದಳು.

"ಹೌದು ಕಣೇ," ಎಂದಳು ತಾಯಿ. "ನೀನೇ."

ಸುದ್ದಿಗೆ ಕಾಲು ಬಂತು. ಮರುದಿನವೇ ಇನ್ನೊಬ್ಬ ತಾಯಿ, ಕುರ್ಚಿ ಕಂಡರೆ ನಡುಗುವ ಮಗಳನ್ನು ಕರೆದುಕೊಂಡು ಬಂದಳು. ಅದರ ಮಾರನೆಯ ದಿನ ಅವಳಿ ಮಕ್ಕಳು. ನೆಲದ ಮೇಲೆ ಒಂದು ಚಾಪೆ ಬಿತ್ತು. ಬುಗುರಿ ಮಕ್ಕಳ ಜೊತೆ ಉರುಳಾಡುತ್ತಿದ್ದಳು. ತಾಯಿ ಪಕ್ಕದಲ್ಲಿ ಕೂತು ಏರುಪೇರು ಸರಿಮಾಡುತ್ತಿದ್ದಳು.

ಶಾಲೆ ತೆರೆದ ದಿನ ಕ್ಲಾಸ್ ಟೀಚರ್ ಅವರನ್ನು ಕಾಣಲು ತಾಯಿ ಹೋದಳು. ರಾತ್ರಿಯೆಲ್ಲ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ಬುಗುರಿ ಅವಳ ಕೈ ಜಗ್ಗಿದಳು. "ನಾನೇ ಹೇಳ್ತೀನಿ."

"ಮಿಸ್, ನಾನೀಗ ಮಾತ್ರೆ ತಗೋತಿಲ್ಲ," ಎಂದಳು ನೇರವಾಗಿ. "ಡಾಕ್ಟ್ರು ಹೇಳಿಯೇ ಬಿಟ್ಟಿದ್ದು. ಲೆಕ್ಕ ಮಾಡೋವಾಗ ನಾನು ಹಿಂದೆ ಹೋಗಿ ನಿಂತ್ಕೊಂಡು ಬರೀಬಹುದಾ? ಕೂತ್ರೆ ತಲೆ ನಿಲ್ಲಲ್ಲ, ನಿಂತ್ರೆ ತಲೆ ಕೂತ್ಕೊಳ್ಳುತ್ತೆ. ಮತ್ತೆ, ನನ್ನ ಗಮನ ಹೋದ್ರೆ ಹೆಸರು ಕೂಗಬೇಡಿ, ಎಲ್ಲರೂ ನೋಡ್ತಾರೆ. ಮೇಜು ತಟ್ಟಿದ್ರೆ ಸಾಕು, ಬಂದ್ಬಿಡ್ತೀನಿ."

ಟೀಚರ್ ಕನ್ನಡಕ ತೆಗೆದು ಅವಳನ್ನು ನೋಡಿದರು. ಹೋದ ವರ್ಷವೆಲ್ಲ ಈ ಹುಡುಗಿಯ ಬಾಯಿಂದ ಇಷ್ಟು ಮಾತು ಒಟ್ಟಿಗೆ ಕೇಳಿದವರಲ್ಲ ಅವರು. "ಕಿಟಕಿ ಪಕ್ಕದ ಜಾಗ ಬದಲಾಯಿಸಿ ಕೊಡ್ಲಾ?"

"ಬೇಡ ಮಿಸ್, ಕಿಟಕಿ ಪಕ್ಕಾನೇ ಬೇಕು. ಕಿಟಕಿ ಕಂಡ್ರೆ ಒಂದ್ಸಲ ನೋಡಿ ಸುಮ್ಮನಾಗ್ತೀನಿ. ಕಾಣ್ದಿದ್ರೆ, ಹೊರಗೆ ಏನಿದ್ಯೋ ಅಂತ ದಿನವಿಡೀ ಯೋಚಿಸ್ತೀನಿ."

ಟೀಚರ್ ಜೋರಾಗಿ ನಕ್ಕುಬಿಟ್ಟರು. ತಾಯಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಖರ್ಚಾಗಲಿಲ್ಲ.

ಎಲ್ಲವೂ ಹೂವಿನ ಹಾಸಿಗೆಯೇನಾಗಲಿಲ್ಲ. ನೀರಿನ ಬಾಟಲಿಗಳು ಕಳೆದವು, ಗಣಿತದಲ್ಲಿ ಅಂಕ ತುಸು ಇಳಿಯಿತು, ಒಂದು ದಿನ ಗೆಳತಿಯ ಜೊತೆ ಜಗಳವಾಗಿ ಮರುದಿನ ತಾನೇ ಹೋಗಿ ರಾಜಿಯಾದಳು. ಆದರೆ ಊಟದ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಸಂಜೆಯ ಅಳು ನಿಂತಿತ್ತು. ಮೂರು ತಿಂಗಳ ನಂತರ ಡಾಕ್ಟರಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಟೀಚರ್ ಜೊತೆ ಫೋನಿನಲ್ಲಿ ಮಾತಾಡಿ, ಎಲ್ಲ ಕೇಳಿ ತಿಳಿದುಕೊಂಡು, "ಸದ್ಯಕ್ಕೆ ಮಾತ್ರೆ ಬೇಡ," ಎಂದರು. "ಮುಂದೆ ದೊಡ್ಡ ತರಗತಿಗೆ ಹೋದಾಗ ಬೇಕಾಗಬಹುದು. ಆಗ?"

"ಆಗ ನಾನೇ ಬಂದು ಕೇಳ್ತೀನಿ," ಎಂದಳು ಬುಗುರಿ, ಡಾಕ್ಟರಮ್ಮನ ತಿರುಗುವ ಸ್ಟೂಲಿನ ಮೇಲೆ ಒಂದು ಸುತ್ತು ಸುತ್ತುತ್ತ. "ಈಗ ನಾನು ಹೇಗಿರ್ತೀನಿ ಅಂತ ನಂಗೆ ಗೊತ್ತಲ್ಲ."

ಡಾಕ್ಟರಮ್ಮ ಎದ್ದು ಬಂದು ಅವಳ ಕೈ ಕುಲುಕಿದರು, ದೊಡ್ಡವರ ಕೈ ಕುಲುಕುವಂತೆ. ಹೊರಗೆ ಕಾರಿಡಾರಿನಲ್ಲಿ ಅಪ್ಪ ಮಗಳನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಹೋಗಿ, ತಿಂದುಂಡು ಬೆಳೆದ ಅವಳ ಭಾರಕ್ಕೆ ಬೆನ್ನು ಹಿಡಿದುಕೊಂಡು ಕೂತ. ಮೂವರೂ ಅಲ್ಲೇ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಅವತ್ತು ಅಂಗಡಿಗೆ ರಜೆ. ಆದರೂ ದಾರಿಯಲ್ಲೇ ಇದ್ದದ್ದರಿಂದ ಅಪ್ಪನನ್ನು ಮನೆಗೆ ಕಳಿಸಿ ತಾಯಿ ಮಗಳು ಒಳಗೆ ಹೋದರು. ಕದ ಅರ್ಧ ಎಳೆದಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಕುರ್ಚಿಯ ಮೇಲೆ ಬಿದ್ದಿತ್ತು.

"ಅಮ್ಮ, ನಿನ್ನ ತಲೆ ನೋಡ್ಕೊಂಡಿದ್ದೀಯಾ?" ಎಂದಳು ಬುಗುರಿ. "ಊರಿನವರಿಗೆಲ್ಲ ಕತ್ತರಿಸ್ತೀಯ, ನಿನ್ನ ಕೂದಲು ನೋಡಿದ್ರೆ ಹಕ್ಕಿ ಗೂಡು. ಕೂತ್ಕೋ."

"ಪೂರ್ತಿನಾ?"

"ತುದಿ ಮಾತ್ರ."

ತಾಯಿ ಕೂತಳು. ಆ ಕುರ್ಚಿಯ ಹಿಂದೆ ಅವಳು ನಿಂತದ್ದೇ ಹೆಚ್ಚು. ಅದು ಇಷ್ಟು ಮೆತ್ತಗಿದೆ ಎಂಬುದೇ ಗೊತ್ತಿರಲಿಲ್ಲ. ಮಗಳು ನೀರು ಚಿಮುಕಿಸಿ ಬಾಚಿದಳು. ಮೊದಮೊದಲು ತಾಯಿ ಕನ್ನಡಿಯಲ್ಲಿ ಆ ಕೈಗಳನ್ನೇ ನೋಡುತ್ತಿದ್ದಳು: ಬಾಚಣಿಗೆ, ಬೆರಳು, ಕತ್ತರಿ. ಆಮೇಲೆ ಬಿಸಿಲು ರೆಪ್ಪೆಗಳ ಮೇಲೆ ಭಾರವಾಯಿತು. ಕಣ್ಣು ಮುಚ್ಚಿದವು.

ಕಚಕ್, ಕಚಕ್ ಎಂಬ ಸದ್ದು ಕಿವಿಯ ಹಿಂದಿನಿಂದ ಬರುತ್ತಿತ್ತು. ನಡುವೆ ಒಮ್ಮೆ ಅದು ನಿಂತಿತು. ಬೀದಿಯಲ್ಲಿ ಯಾರೋ ಸೀಟಿ ಹೊಡೆಯುತ್ತ ಹೋಗುತ್ತಿದ್ದರು. ಬರಿಗಾಲಿನ ಹೆಜ್ಜೆಗಳು ಕಿಟಕಿಯ ಕಡೆಗೆ ಹೋದವು, ಅಲ್ಲೇ ಸ್ವಲ್ಪ ಹೊತ್ತು ನಿಂತವು. ತಾಯಿ ಕಣ್ಣು ತೆರೆಯಲಿಲ್ಲ. ಸೀಟಿಯ ಸದ್ದು ತಿರುವಿನಾಚೆ ಕರಗಿತು. ಹೆಜ್ಜೆಗಳು ಹಿಂದಕ್ಕೆ ಬಂದವು, ಒದ್ದೆ ಕೂದಲಿನ ಒಂದು ಎಸಳನ್ನು ಪುಟ್ಟ ಬೆರಳುಗಳು ಮೇಲಕ್ಕೆತ್ತಿದವು, ಕತ್ತರಿ ಮತ್ತೆ ಮಾತಾಡತೊಡಗಿತು. ಅಷ್ಟು ಹೊತ್ತಿಗೆ ತಾಯಿಗೆ ನಿದ್ದೆ ಹತ್ತಿತ್ತು.